ಹಳೆ ಸ್ವಿಫ್ಟ್‌ಗೆ ಹೊಸ ಸೆಟ್: ಅಪ್ಪನಿಗೆ ತಾಳಮದ್ದಳೆ ಕೇಳಬೇಕು, ನನಗೆ ದಾರಿ ಗೊತ್ತಾಗಬೇಕು

ಪೆರ್ಲದ ಕೃಷಿಕ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 2013ರ ಪೆಟ್ರೋಲ್ ಸ್ವಿಫ್ಟ್ ಕಾರು ತೆಗೆದುಕೊಂಡೆ. ಕೆಎಲ್ 14 ನಂಬರು, ಸೆಕೆಂಡ್ ಹ್ಯಾಂಡ್. ಇಂಜಿನ್ ಚೆನ್ನಾಗಿ ಉಂಟು. ತೊಂದರೆಯೆಲ್ಲ ಮೊದಲಿನವರು ಹಾಕಿಸಿದ ಮ್ಯೂಸಿಕ್ ಸೆಟ್‌ನದ್ದು. ಸ್ಕ್ರೀನಿನ ಎಡಮೂಲೆ ಒತ್ತಿದರೆ ಕೇಳುವುದಿಲ್ಲ. ಬಾಗಿಲಿನ ಸ್ಪೀಕರ್ ಹರಿದಿದೆ, ಚೆಂಡೆಪೆಟ್ಟು ಬಿದ್ದ ಕೂಡಲೇ ಪರಪರ ಅನ್ನುತ್ತದೆ.

ಅಪ್ಪನಿಗೆ 78 ವರ್ಷ. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಅವರಿಗೆ ಆಕಾಶವಾಣಿ ಮಂಗಳೂರು 100.3 ಬೇಕು, ಇಲ್ಲದಿದ್ದರೆ ಪೆನ್‌ಡ್ರೈವಿನಲ್ಲಿ ತಾಳಮದ್ದಳೆ. ಕಿವಿ ಸ್ವಲ್ಪ ಮಂದ. ಬೇಸ್ ಜಾಸ್ತಿ ಇದ್ದರೆ ಅರ್ಥಧಾರಿಯ ಮಾತು ಒಂದೂ ಹಿಡಿಯುವುದಿಲ್ಲ ಅನ್ನುತ್ತಾರೆ. ಮಾತು ಬಿಡಿಬಿಡಿಯಾಗಿ ಕೇಳಿಸಬೇಕು, ನನಗೆ ಬೇಕಾದದ್ದು ಅಷ್ಟೇ.

ಇನ್ನೊಂದು ಚಿಂತೆ. ಕಳೆದ ಸಲ ಬೆಳಿಗ್ಗೆ ಐದೂವರೆಗೆ ಹೊರಟರೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಕೀ ತಿರುಗಿಸಿದರೆ ಟಕಟಕ ಸದ್ದು ಮಾತ್ರ. ಅಪ್ಪ ಶಾಲು ಹೊದ್ದು, ಸ್ಕ್ಯಾನ್ ರಿಪೋರ್ಟಿನ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಪಕ್ಕದ ಮನೆಯ ಜೀಪಿನಿಂದ ಕೇಬಲ್ ಕೊಟ್ಟು ಹೊರಟೆವು. ಬ್ಯಾಟರಿ ಹಾಕಿ ಎಂಟು ತಿಂಗಳೂ ಆಗಿಲ್ಲ.

ಒಂದು ಅಂಗಡಿಯಲ್ಲಿ 9 ಇಂಚಿನ ಆಂಡ್ರಾಯ್ಡ್ ಸೆಟ್, ಕ್ಯಾಮೆರಾ, ಸಬ್‌ವೂಫರ್ ಎಲ್ಲ ಸೇರಿ 24,000 ಹೇಳಿದ್ದಾರೆ. ಅಷ್ಟೆಲ್ಲ ಬೇಕಾ? ಮತ್ತೆ ನಮ್ಮ ಏತಡ್ಕ, ಸ್ವರ್ಗ ಎಂಬ ಊರುಗಳ ಕಡೆ ಫೋನಿನ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅಲ್ಲಿ ಮ್ಯಾಪ್ ನಡೆಯುತ್ತದಾ?

ಮುಳ್ಳೇರಿಯ ಎಲೆಕ್ಟ್ರೀಷಿಯನ್:

ಅಣ್ಣ, ದುಡ್ಡು ಬಿಚ್ಚುವ ಮೊದಲು ಹಳೇ ಸೆಟ್ ಹೊರಗೆ ಎಳೆದು ವಯರ್ ನೋಡಿ. ನಿಮ್ಮ ಬ್ಯಾಟರಿ ಕಥೆ ಅಲ್ಲೇ ಇರಬಹುದು ಅಂತ ನನ್ನ ಅನುಮಾನ.

ಸೆಟ್‌ನ ಹಳದಿ ವಯರಿಗೆ ಬ್ಯಾಟರಿಯಿಂದ 12 ವೋಲ್ಟ್ ಯಾವಾಗಲೂ ಬರಬೇಕು, ಸ್ಟೇಷನ್, ಗಡಿಯಾರ ನೆನಪಿಟ್ಟುಕೊಳ್ಳಲಿಕ್ಕೆ. ಕೆಂಪಿಗೆ ಕೀ ತಿರುಗಿಸಿದ ಮೇಲೆ ಮಾತ್ರ ಬರಬೇಕು. ಕಪ್ಪು ಅರ್ತ್. ಕೆಲವರು ಅರ್ಜೆಂಟಿನಲ್ಲಿ ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿ ಲೈನಿಗೆ ಕೊಟ್ಟುಬಿಡುತ್ತಾರೆ. ಆಗ ಸೆಟ್‌ಗೆ ನಿದ್ದೆಯೇ ಇಲ್ಲ, ಕೀ ತೆಗೆದರೂ ಬ್ಯಾಟರಿ ಎಳೆಯುತ್ತಲೇ ಇರುತ್ತದೆ. ಕಾರಿನ ಕಡೆಯ ವಯರಿನ ಬಣ್ಣ ಬೇರೆ ಇರುತ್ತದೆ, ಅದನ್ನು ನೋಡಿ ಸೇರಿಸಲಿಕ್ಕೆ ಹೋಗಬೇಡಿ. ಟೆಸ್ಟರ್ ಹಿಡಿದೇ ನೋಡಬೇಕು.

ಮಲ್ಟಿಮೀಟರ್ ಇದ್ದರೆ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ಕೇಬಲಿಗೂ ಟರ್ಮಿನಲಿಗೂ ನಡುವೆ ಮೀಟರ್ ಹಿಡಿಯಿರಿ. ಕೀ ತೆಗೆದು, ಬಾಗಿಲು ಮುಚ್ಚಿ, ಹತ್ತು ನಿಮಿಷ ಬಿಟ್ಟು ನೋಡಿ. ನಿಂತ ಗಾಡಿ ಎಳೆಯುವ ಕರೆಂಟ್ ಅದು, 0.05 ಆಂಪಿಯರಿನ ಒಳಗೆ ಇದ್ದರೆ ಚಿಂತೆ ಇಲ್ಲ. ಮೀಟರ್ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಫ್ಯೂಸ್ ಹೋಗುತ್ತದೆ.

ಸಬ್‌ವೂಫರ್ ಅಂದರೆ ಬೇಸಿನ ಸ್ಪೀಕರ್, ನಿಮಗೆ ಬೇಡವೇ ಬೇಡ. ಡಬ್ಬದ ಮೇಲೆ 50 ವ್ಯಾಟ್ ಗುಣಿಸು 4 ಅಂತ ಇದ್ದರೂ ಸೆಟ್ ನಿಜವಾಗಿ ಕೊಡುವುದು ಒಂದೊಂದಕ್ಕೆ 15ರಿಂದ 20. ಮಾತಿಗೆ ಅದು ಧಾರಾಳ. ಆ ದುಡ್ಡಿನಲ್ಲಿ ಮುಂದಿನ ಎರಡು ಬಾಗಿಲಿಗೆ ಒಳ್ಳೆಯ ಸ್ಪೀಕರ್ ಹಾಕಿ, ಟ್ವೀಟರ್ (ಚೂಪು ಸದ್ದಿನ ಸಣ್ಣ ಸ್ಪೀಕರ್) ಬೇರೆ ಇರುವಂಥದ್ದು. ಟ್ವೀಟರನ್ನು ಮುಂದಿನ ಗ್ಲಾಸಿನ ಪಕ್ಕದ ಕಂಬಕ್ಕೆ, ಅಪ್ಪನ ಕಿವಿಯ ಕಡೆ ಮುಖ ಮಾಡಿ ಕೂರಿಸಿ. ಬಾಗಿಲಿನದ್ದು ಮಾತ್ರ ಇದ್ದರೆ ಅಕ್ಷರಗಳೆಲ್ಲ ಅವರ ಮೊಣಕಾಲಿಗೆ ಹೊಡೆಯುತ್ತವೆ. ಸೆಟ್ಟಿಂಗಿನಲ್ಲಿ ಹೈಪಾಸ್ 100 ಹರ್ಟ್ಸ್‌ಗೆ ಇಡಿ, ಅದರ ಕೆಳಗಿನ ಬೇಸ್ ಕಡಿಮೆಯಾಗುತ್ತದೆ; 2ರಿಂದ 4 ಕಿಲೋಹರ್ಟ್ಸ್ ಸ್ವಲ್ಪ ಏರಿಸಿ. ತ, ಕದಂಥ ಅಕ್ಷರ ಸ್ಪಷ್ಟವಾಗುವುದು ಅಲ್ಲೇ.

ಹೊಸಂಗಡಿಯವ:

ನನ್ನ ಪ್ರಕಾರ ಮ್ಯಾಪಿಗೆ ಫೋನ್ ಸ್ಟ್ಯಾಂಡ್ ಸಾಕು. ಆದರೂ ದೊಡ್ಡ ಸೆಟ್ ಹಾಕಿಸಿದರೆ ಬಿಲ್ ಜೋಪಾನ ಮಾಡಿ, ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ಸೇರಿಸಿ. ಸಾಮಾನ್ಯವಾಗಿ ಸೆಟ್‌ನ ಬೆಲೆಯ ಶೇ. 4ರಷ್ಟು ಪ್ರೀಮಿಯಂ ಜಾಸ್ತಿ ಬರುತ್ತದೆ. ಸೇರಿಸದಿದ್ದರೆ ಕಳವಾದಾಗ ಅದಕ್ಕೆ ದುಡ್ಡು ಸಿಗುವುದಿಲ್ಲ.

ಬಾಯಾರಿನ ಟೀಚರ್:

ಮ್ಯಾಪಿನ ಬಗ್ಗೆ ನಾನು ಹೇಳುತ್ತೇನೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಅದು ಸ್ಯಾಟಲೈಟಿನಿಂದ ಬರುವುದು. ನೆಟ್ ಬೇಕಾಗುವುದು ಮ್ಯಾಪಿನ ಚಿತ್ರಕ್ಕೆ ಮತ್ತು ಟ್ರಾಫಿಕ್ಕಿಗೆ. ಮನೆಯ ವೈಫೈಯಲ್ಲಿ ಕಾಸರಗೋಡು, ಮಂಗಳೂರು, ಪುತ್ತೂರು ಸೇರುವ ಹಾಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಸೆಟ್ ತೆಗೆಯುವುದಾದರೆ ಆಂಡ್ರಾಯ್ಡ್ ಆಟೋ ಇರುವುದನ್ನೇ ನೋಡಿ, ಫೋನಿನ ಮ್ಯಾಪ್ ಸ್ಕ್ರೀನಿಗೆ ಬರುತ್ತದೆ. ಸೆಟ್‌ನದ್ದೇ ಮ್ಯಾಪ್ ಬಳಸುವುದಾದರೆ ಅದರ ಜಿಪಿಎಸ್ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಮೇಲೆ, ಗ್ಲಾಸಿನ ಹತ್ತಿರ ಅಂಟಿಸಲು ಹೇಳಿ. ಒಳಗೆ ಕಬ್ಬಿಣದ ಹಿಂದೆ ತುರುಕಿದರೆ ಬಾಣ ತೋಟದೊಳಗೆ ಓಡುತ್ತದೆ.

ಹೆದ್ದಾರಿ 66ರಲ್ಲಿ ಮಾತ್ರ ಮ್ಯಾಪನ್ನು ಪೂರ್ತಿ ನಂಬಬೇಡಿ. ಆರು ಪಥದ ರಸ್ತೆ, ಅದಕ್ಕೆ ತಾಗಿಯೇ ಸರ್ವಿಸ್ ರಸ್ತೆ. ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುವುದು ಸಹಜ, ನೀವು ಯಾವುದರಲ್ಲಿ ಇದ್ದೀರಿ ಅಂತ ಅದಕ್ಕೆ ತಿಳಿಯುವುದಿಲ್ಲ. ನೀವು ಅಡ್ಕಸ್ಥಳ, ವಿಟ್ಲ, ಕಲ್ಲಡ್ಕದ ಮೇಲೆ ಹೋದರೆ ಕಲ್ಲಡ್ಕದವರೆಗೆ ಆ ಕಷ್ಟ ಕಡಿಮೆ.

ಒಂದು ಬೇಡಿಕೆ. ಫೋನಿನ ಭಾಷೆ ಕನ್ನಡಕ್ಕೆ ಹಾಕಿದರೂ ನಮ್ಮ ಊರಿನ ಹೆಸರು ಕೆಲವು ಕಡೆ ಗುರುತೇ ಸಿಗದ ಹಾಗೆ ಬರುತ್ತದೆ. ಕುಂಬಳೆಗೆ ಕುಂಬ್ಲ ಅಂದರೆ ನನಗೆ ಸಂಕಟ ಆಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿ ಊರಿಗೂ ಕನ್ನಡದ ಹೆಸರು ಸೇರಿಸಲು ಬೇರೆ ಜಾಗವೇ ಉಂಟು, ಯಾರು ಬೇಕಾದರೂ ಸೇರಿಸಬಹುದು. ನಾನು ಬಾಯಾರಿನ ಸುತ್ತ ಮಾಡುತ್ತಾ ಇದ್ದೇನೆ. ನೀವು ಪೆರ್ಲದ ಕಡೆ ನೋಡಿಕೊಳ್ಳಿ, ಆಯ್ತಾ?

ಪೆರ್ಲದ ಕೃಷಿಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದಿತ್ಯವಾರ ಸೆಟ್ ಎಳೆದೆ. ಮುಳ್ಳೇರಿಯ ಅಣ್ಣ ಹೇಳಿದ ಹಾಗೇ ಇತ್ತು. ಹಳದಿ, ಕೆಂಪು ಎರಡೂ ಒಂದೇ ಗಂಟು, ಮೇಲೆ ಕಪ್ಪು ಟೇಪು, ಬಿಸಿಲಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು. ಮೀಟರಿನಲ್ಲಿ 0.42 ಆಂಪಿಯರ್. ದಿನಕ್ಕೆ 10 ಆಂಪಿಯರ್-ಅವರ್ ಹೋದ ಹಾಗೆ. ನನ್ನ ಬ್ಯಾಟರಿ 35ರದ್ದು, ಮೂರು ದಿನ ನಿಲ್ಲಿಸಿದರೆ ಮತ್ತೆಂತ ಉಳಿಯುತ್ತದೆ? ಕೆಂಪನ್ನು ಬಿಡಿಸಿ ಕೀ ಲೈನಿಗೆ ಕೊಟ್ಟ ಮೇಲೆ 0.03ಕ್ಕೆ ಇಳಿಯಿತು.

ರೇಡಿಯೋ ಕರಕರ ಅನ್ನುತ್ತಿತ್ತು, ಅದರ ಕಾರಣವೂ ಸಿಕ್ಕಿತು. ಸಿಗರೇಟ್ ಸಾಕೆಟಿನ ಅಗ್ಗದ ಚಾರ್ಜರ್! ಕಿತ್ತ ಕೂಡಲೇ 100.3 ಸ್ವಚ್ಛ. ಸಬ್‌ವೂಫರ್, ಕ್ಯಾಮೆರಾ ಬಿಟ್ಟೆ. ಆಂಡ್ರಾಯ್ಡ್ ಆಟೋ ಇರುವ 7 ಇಂಚಿನ ಸೆಟ್, ಟ್ವೀಟರ್ ಇರುವ ಸ್ಪೀಕರ್ ಹಾಕಲು ಅಂಗಡಿಯವರಿಗೆ ಹೇಳಿದ್ದೇನೆ. ವಯರ್ ಕತ್ತರಿಸದೆ ಕಪ್ಲರಿನಲ್ಲೇ (ಸಿಕ್ಕಿಸುವ ಪ್ಲಗ್ಗಿನಲ್ಲೇ) ಸೇರಿಸಬೇಕು ಅಂತ ಮೊದಲೇ ಮಾತಾಡಿದೆ. ಟೀಚರೇ, ಸ್ವರ್ಗ, ಏತಡ್ಕ, ವಾಣೀನಗರ ಮೂರು ಹೆಸರು ಸೇರಿಸಿ ಆಯಿತು.

ಬಾಗಿಲಿನೊಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಬೇಕಾ?

ಮುಳ್ಳೇರಿಯ ಎಲೆಕ್ಟ್ರೀಷಿಯನ್:

ಅಂಟಿಸಿ ಅಣ್ಣ, ತಗಡಿನ ನಡುಕ ಕಡಿಮೆಯಾದರೆ ಮಾತು ಇನ್ನೂ ಬಿಡಿಸಿ ಕೇಳುತ್ತದೆ. ಆದರೆ ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ತೂತುಗಳು ಇರುತ್ತವೆ, ಅದರ ಮೇಲೆ ಶೀಟ್ ಬರದ ಹಾಗೆ ಎದುರಿಗೇ ನಿಂತು ನೋಡಿ. ನಮ್ಮ ಆಟಿ ತಿಂಗಳ ಮಳೆಗೆ ಅದು ಮುಚ್ಚಿದರೆ ಹೊಸ ಸ್ಪೀಕರ್ ನೀರಿನಲ್ಲೇ ಕೂರುತ್ತದೆ.