ಝೆನಾನ್ ಹೆಡ್‌ಲೈಟ್ ಒಂದು ಕಡೆ ಗುಲಾಬಿ ಬಣ್ಣಕ್ಕೆ ತಿರುಗಿ ಆರಿಹೋಗ್ತಿದೆ, ಬಲ್ಬ್ ಹೋಯ್ತಾ ಬಲಾಸ್ಟ್ ಹೋಯ್ತಾ?

ಪ್ರಶ್ನೆ – ದಾವಣಗೆರೆ ಸೆಡಾನ್

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ, ಕಂಪನಿಯಿಂದಲೇ ಎಚ್‌ಐಡಿ, ಅಂದರೆ ಝೆನಾನ್ ಲೈಟ್ ಬಂದಿದೆ. ಈಗ ಎಡಗಡೆ ಲೈಟ್ ಗುಲಾಬಿ ಬಣ್ಣ ಹೊಡೆಯುತ್ತಿದೆ. ರಾತ್ರಿ ಚನ್ನಗಿರಿ ರೋಡಲ್ಲಿ ಬರುವಾಗ ತಾನಾಗೇ ಆರಿಹೋಗುತ್ತದೆ, ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಹತ್ತುತ್ತದೆ. ಗ್ಯಾರೇಜಲ್ಲಿ ಪೂರ್ತಿ ಡೂಮ್ (ಹೆಡ್‌ಲೈಟಿನ ಇಡೀ ಸೆಟ್) ಬದಲಾಯಿಸಬೇಕು ಅಂದರು, ರೇಟ್ ಕೇಳಿಯೇ ಗಾಬರಿ ಆಯಿತು. ಇನ್ನೊಂದು, ಲೈಟ್ ಹಾಕಿದ ತಕ್ಷಣ ಸ್ವಲ್ಪ ನೀಲಿಯಾಗಿ, ಮಂಕಾಗಿ ಇರುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ಅದೂ ರಿಪೇರಿನಾ?

ಉತ್ತರ – ದುರ್ಗದ ಆಟೋ ಎಲೆಕ್ಟ್ರಿಷಿಯನ್

ಸರ್, ಡೂಮ್ ಮಾತು ಈಗಲೇ ಬೇಡ. ಮೊದಲು ನೀಲಿ, ಆಮೇಲೆ ಬಿಳಿ ಆಗೋದು ರಿಪೇರಿ ಅಲ್ಲವೇ ಅಲ್ಲ, ಆ ಬಲ್ಬ್ ಕೆಲಸ ಮಾಡೋದೇ ಹಾಗೆ.

ಇದರೊಳಗೆ ಹ್ಯಾಲೋಜನ್ ಥರ ಫಿಲಮೆಂಟ್ ಇಲ್ಲ. ಸಣ್ಣ ಕ್ವಾರ್ಟ್ಜ್ ಗುಳ್ಳೆ, ಅದರಲ್ಲಿ ಎದುರುಬದುರು ಎರಡು ಟಂಗ್‌ಸ್ಟನ್ ಮೊನೆ, ಮಧ್ಯೆ ಸುಮಾರು 4 ಮಿಲಿಮೀಟರ್ ಜಾಗ ಅಷ್ಟೆ. ವೆಲ್ಡಿಂಗ್ ಮಾಡುವಾಗ ರಾಡ್‌ಗೂ ಕಬ್ಬಿಣಕ್ಕೂ ನಡುವೆ ಉರಿಯುತ್ತಲ್ಲ, ಅದೇ ಥರದ ಆರ್ಕ್ ಇಲ್ಲೂ ಉರಿಯುತ್ತದೆ. ಅದನ್ನು ಹತ್ತಿಸೋಕೆ ಬ್ಯಾಟರಿಯ 12 ವೋಲ್ಟ್ ಏನೇನೂ ಸಾಲದು. ಬಲಾಸ್ಟ್ (ಬಲ್ಬಿಗೆ ಕರೆಂಟ್ ಹದ ಮಾಡಿ ಕೊಡೋ ಡಬ್ಬಿ) ಮತ್ತು ಇಗ್ನೈಟರ್ (ಆರ್ಕ್ ಹತ್ತಿಸೋ ಭಾಗ) ಸೇರಿ ಒಂದು ಕ್ಷಣಕ್ಕೆ 20,000 ವೋಲ್ಟ್‌ಗಿಂತ ಜಾಸ್ತಿ ಕೊಡುತ್ತವೆ. ಆಗ ಮೊದಲು ಉರಿಯೋದು ಝೆನಾನ್ ಅನಿಲ, ಆ ನೀಲಿ ಅದರದ್ದು. ಬಿಸಿ ಏರಿದ ಹಾಗೆ ಒಳಗಿರೋ ಲೋಹದ ಲವಣಗಳು ಆವಿಯಾಗುತ್ತವೆ, ಕೆಲವು ಸೆಕೆಂಡಿನಲ್ಲಿ ಪೂರ್ತಿ ಬಿಳಿ ಬೆಳಕು ಬರುತ್ತದೆ. ಆಮೇಲೆ ಬಲಾಸ್ಟ್ 35 ವ್ಯಾಟ್‌ನಲ್ಲಿ ಹಿಡಿದು ಉರಿಸುತ್ತದೆ. ಅಷ್ಟರಲ್ಲೇ ಡಿ2ಎಸ್ ಅನ್ನೋ ಮಾದರಿಯ ಎಚ್‌ಐಡಿ ಬಲ್ಬ್ 3200 ಲೂಮೆನ್ (ಬೆಳಕಿನ ಅಳತೆ) ಆಸುಪಾಸು ಕೊಡುತ್ತದೆ, 55 ವ್ಯಾಟ್‌ನ ಎಚ್7 ಹ್ಯಾಲೋಜನ್ ಕೊಡೋದು 1500 ಆಸುಪಾಸು.

ಈಗ ನಿಮ್ಮ ಗುಲಾಬಿ ಬಣ್ಣ. ಬಲ್ಬ್ ಹಳೆಯದಾದರೆ ಒಳಗಿನ ಲವಣಗಳ ಹದ ಕೆಡುತ್ತದೆ, ಉರಿಯೋಕೆ ಬೇಕಾದ ವೋಲ್ಟೇಜೂ ಏರುತ್ತದೆ. ಮಿತಿ ಮೀರಿತು ಅಂದರೆ ಬಲಾಸ್ಟ್ ತಾನೇ ಕಟ್ ಮಾಡುತ್ತದೆ, ಸ್ವಿಚ್ ಹಾಕಿದರೆ ಮತ್ತೆ ಪ್ರಯತ್ನ ಮಾಡುತ್ತದೆ. ನೀವು ಹೇಳಿದ ಲಕ್ಷಣ ಪಕ್ಕಾ ಬಲ್ಬಿನದೇ ಅನ್ನಿಸುತ್ತದೆ. ಆದರೂ ದುಡ್ಡು ಹಾಕೋ ಮೊದಲು ಎಡ ಬಲ ಬಲ್ಬ್ ಅದಲುಬದಲು ಮಾಡಿಸಿ. ಗುಲಾಬಿ ಬಲಕ್ಕೆ ಹೋದರೆ ಬಲ್ಬ್, ಎಡದಲ್ಲೇ ಲೈಟ್ ಆರುತ್ತಿದ್ದರೆ ಬಲಾಸ್ಟ್, ಅರ್ಥಿಂಗ್, ಕಪ್ಲರ್‌ಗೆ (ವೈರ್ ಜೋಡಿಸೋ ಕನೆಕ್ಟರ್) ನೀರು ಹೋಗಿದೆಯಾ ನೋಡಬೇಕು. ಲೈಟ್ ಆಫ್ ಮಾಡಿ, ಕೀ ತೆಗೆದು, ಬಲ್ಬ್ ಆರಿದ ಮೇಲೇ ಕೈ ಹಾಕಬೇಕು ಸರ್. ಆ ವೋಲ್ಟೇಜ್ ಜೀವ ತೆಗೆಯೋ ಅಂಥದ್ದು. ಗಾಜನ್ನು ಬರಿಗೈಲಿ ಮುಟ್ಟಬೇಡಿ.

ಪ್ರಶ್ನೆ – ಹರಿಹರ ಹುಡುಗ

ಇದೇ ವಿಷಯಕ್ಕೆ ನಂದೂ ಒಂದು ಕೇಳ್ತೀನಿ ಅಣ್ಣ. ನನ್ನ ಸಣ್ಣ ಕಾರಲ್ಲಿ ಎಚ್4 ಹ್ಯಾಲೋಜನ್ ಇದೆ, ಬೆಳಕು ಸಾಲಲ್ಲ. ಆನ್‌ಲೈನ್‌ನಲ್ಲಿ ಎಚ್‌ಐಡಿ ಕಿಟ್ ಸಿಗುತ್ತೆ, ಅದೇ ಡೂಮ್‌ಗೆ ಕೂರುತ್ತೆ ಅಂತಾರೆ. ಹಾಕಿಸಲಾ?

ಉತ್ತರ – ಹೊಳಲ್ಕೆರೆ ರೋಡ್

ದಯವಿಟ್ಟು ಹಾಕಿಸಬೇಡಪ್ಪ. ಕೂರೋದು ಬೇರೆ, ಬೆಳಕು ಬೀಳಬೇಕಾದ ಕಡೆ ಬೀಳೋದು ಬೇರೆ. ಎಚ್4 ಬಲ್ಬನ್ನು ಕೈಲಿ ಹಿಡಿದು ನೋಡು, ಡಿಮ್ ಫಿಲಮೆಂಟ್ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ, ಬೆಳಕು ಮೇಲೆ ಹೋಗಿ ಎದುರಿನವರ ಕಣ್ಣಿಗೆ ಬೀಳದ ಹಾಗೆ ಅದು ತಡೆಯುತ್ತದೆ. ರಿಫ್ಲೆಕ್ಟರ್ ಕಟ್ಟಿರೋದೇ ಆ ಫಿಲಮೆಂಟ್ ಎಲ್ಲಿದೆ, ಎಷ್ಟುದ್ದ ಇದೆ ಅನ್ನೋ ಲೆಕ್ಕಕ್ಕೆ. ಆರ್ಕ್ ಆ ಆಕಾರದಲ್ಲಿ ಇರಲ್ಲ, ಅದು ಮೇಲಕ್ಕೆ ಬಾಗಿ ಉರಿಯುತ್ತದೆ, ಎರಡು ತುದಿಯಲ್ಲಿ ಬೆಳಕು ಜಾಸ್ತಿ. ಅದನ್ನು ತಂದು ಇದರೊಳಗೆ ಇಟ್ಟರೆ ಬೆಳಕು ಸಿಕ್ಕಾಪಟ್ಟೆ ಚೆದುರುತ್ತದೆ.

ಎನ್‌ಎಚ್ 48ರಲ್ಲಿ ನಡುವೆ ಡಿವೈಡರ್ ಇದೆ, ಅಷ್ಟು ಗೊತ್ತಾಗಲ್ಲ. ನಮ್ಮ ಕಡೆ ಎರಡು ಲೇನ್ ರೋಡಲ್ಲಿ ಮೆಕ್ಕೆಜೋಳದ ಸುಗ್ಗಿ ಟೈಮಲ್ಲಿ ಬಂದು ನೋಡು. ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಮುಂದೆ ಹೋಗ್ತಿರುತ್ತದೆ, ಎದುರಿಂದ ಇಂಥ ಕಿಟ್ ಹಾಕಿದ ಗಾಡಿ ಬಂದರೆ ಬೈಕಿನವನಿಗೆ ಟ್ರೇಲರ್ ಕಾಣೋದೇ ಇಲ್ಲ. ಕಂಪನಿಯವರು ಪ್ರೊಜೆಕ್ಟರ್ ಲೆನ್ಸ್, ಲೋಡ್‌ಗೆ ತಕ್ಕಂತೆ ತಾನೇ ಬಗ್ಗೋ ಲೆವೆಲಿಂಗ್, ಗಾಜು ತೊಳೆಯೋ ವಾಷರ್ ಎಲ್ಲ ಸುಮ್ನೆ ಕೊಟ್ಟಿರಲ್ಲ. ಕಾನೂನೂ ಬಿಡಲ್ಲ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡು. ಮೊದಲು ಮಂಕಾದ ಡೂಮ್ ಪಾಲಿಶ್ ಮಾಡಿಸು, ರಿಲೇ ಹಾಕಿ ದಪ್ಪ ವೈರಿಂಗ್ ಮಾಡಿಸು, ಒಳ್ಳೆ 60/55 ವ್ಯಾಟ್ ಬಲ್ಬ್ ಹಾಕು. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ದಾವಣಗೆರೆ ಸೆಡಾನ್

ಅದಲುಬದಲು ಮಾಡಿಸಿದೆ, ಗುಲಾಬಿ ಬಲಕ್ಕೆ ಹೋಯಿತು! ತುಂಬಾ ಥ್ಯಾಂಕ್ಸ್ ಸರ್. ಬಲ್ಬಿನ ಬುಡದಲ್ಲಿ ಡಿ1ಎಸ್ ಅಂತ ಬರೆದಿದೆ. ಅಂಗಡಿಯಲ್ಲಿ 8000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಹಾಕಿಸಿ, ನೀಲಿಯಾಗಿ ಚೆನ್ನಾಗಿ ಕಾಣುತ್ತೆ ಅಂತಿದ್ದಾರೆ.

ದುರ್ಗದ ಆಟೋ ಎಲೆಕ್ಟ್ರಿಷಿಯನ್

ಬೇಡ ಸರ್, 4300 ಕೆ ತಗೊಳ್ಳಿ, ಕಂಪನಿಯವರು ಹಾಕೋದು ಅದರ ಆಸುಪಾಸೇ. ನೀಲಿ ಜಾಸ್ತಿ ಆದಷ್ಟು ರೋಡಿಗೆ ಬೀಳೋ ಬೆಳಕು ಕಮ್ಮಿ. ಡಿ1ಎಸ್ ಜಾಗಕ್ಕೆ ಡಿ3ಎಸ್ ಕೊಟ್ಟರೆ ತಗೊಳ್ಳಬೇಡಿ, ಡಿ1 ಓಡೋದು ಸುಮಾರು 85 ವೋಲ್ಟ್‌ನಲ್ಲಿ, ಡಿ3 ಸುಮಾರು 42ರಲ್ಲಿ. ಎರಡೂ ಕಡೆ ಒಟ್ಟಿಗೆ ಹಾಕಿಸಿ, ಇಲ್ಲಾಂದ್ರೆ ಬಣ್ಣ ಒಂದೊಂದು ಥರ ಕಾಣುತ್ತದೆ. ಹಳೆ ಬಲ್ಬ್ ಒಡೆಯಬೇಡಿ, ಡಿ1ಎಸ್ ಒಳಗೆ ಪಾದರಸ ಇರುತ್ತದೆ.