ಪೋಸ್ಟ್‌ಮ್ಯಾನ್ ಪರೀಕ್ಷೆಗೆ ತಮ್ಮನನ್ನು ಕೋಚಿಂಗ್‌ಗೆ ಸೇರಿಸಬಹುದಾ?

ಹಾವೇರಿ_ಅಕ್ಕ:
ನನ್ನ ತಮ್ಮ ಪಿಯುಸಿ ಮುಗಿಸಿದ್ದಾನೆ. ಪೋಸ್ಟ್‌ಮ್ಯಾನ್ ಆಗಬೇಕು ಅಂತ ತುಂಬಾ ಆಸೆ. ಇಲ್ಲೊಂದು ಕೋಚಿಂಗ್ ಸೆಂಟರ್‌ನವರು ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುತ್ತೇವೆ, ಫೀಸು ಮೊದಲೇ ಪೂರ್ತಿ ಕಟ್ಟಿ ಅನ್ನುತ್ತಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಶೇ. 91 ಬಂದಿತ್ತು. ಇಲಾಖೆಯಲ್ಲಿ ಇರುವವರು ಯಾರಾದರೂ ದಯವಿಟ್ಟು ಹೇಳಿ.

ಬೀಟ್_ಸೈಕಲ್:
ಅಕ್ಕ, ಕಟ್ಟಬೇಡಿ. ಪೋಸ್ಟ್‌ಮ್ಯಾನ್ ಹುದ್ದೆಗಳನ್ನು ಬಹುಪಾಲು ಇಲಾಖೆಯ ಒಳಗಿನ ಪರೀಕ್ಷೆಯಿಂದಲೇ ತುಂಬುತ್ತಾರೆ, ಅದನ್ನು ಬರೆಯಬೇಕಾದರೆ ಮೊದಲು ಗ್ರಾಮೀಣ ಡಾಕ್ ಸೇವಕ ಅಥವಾ ಎಂಟಿಎಸ್ (ಕಚೇರಿಯ ಕೆಳಹಂತದ ಸಹಾಯಕ ಸಿಬ್ಬಂದಿ) ಆಗಿ ಕೆಲವು ವರ್ಷ ಸೇವೆ ಆಗಿರಬೇಕು. ನಾನೂ ಹಾಗೇ ಬಂದವನು. ಹಳ್ಳಿ ಹುಡುಗರಿಗೆ ಇರುವ ದಾರಿ ಜಿಡಿಎಸ್, ಅಂದರೆ ಅದೇ ಗ್ರಾಮೀಣ ಡಾಕ್ ಸೇವಕ. ಅದಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ! ಹತ್ತನೇ ತರಗತಿ ಅಂಕದ ಮೇಲೆ ಮೆರಿಟ್ ಲಿಸ್ಟ್ ಬಿಡುತ್ತಾರೆ, ಪಿಯುಸಿ ಅಂಕ ಲೆಕ್ಕಕ್ಕೆ ಬರುವುದಿಲ್ಲ. 18 ತುಂಬಿರಬೇಕು, 40 ದಾಟಿರಬಾರದು. ಹತ್ತನೇವರೆಗೆ ಕನ್ನಡ ಓದಿರಬೇಕು, ಗಣಿತ, ಇಂಗ್ಲಿಷ್ ಪಾಸಾಗಿರಬೇಕು, ಸೈಕಲ್ ಬರಬೇಕು, ಕಂಪ್ಯೂಟರ್ ಗೊತ್ತಿರಬೇಕು. ಅರ್ಜಿ ಶುಲ್ಕ 100 ರೂಪಾಯಿ, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಅದೂ ಇಲ್ಲ.

ಶೇ. 91 ಒಳ್ಳೆಯ ಅಂಕ, ಆದರೆ ಪೈಪೋಟಿ ಜೋರಾಗಿದೆ. ಅರ್ಜಿಯಲ್ಲಿ ಒಂದೇ ಡಿವಿಷನ್ (ಅಂಚೆ ವಿಭಾಗ) ಆರಿಸಬೇಕು. ಹಿಂದಿನ ಆಯ್ಕೆ ಪಟ್ಟಿಗಳಲ್ಲಿ ಯಾವ ಊರಿಗೆ ಎಷ್ಟು ಪರ್ಸೆಂಟ್‌ನವರು ಆಯ್ಕೆಯಾಗಿದ್ದಾರೆ ಅಂತ ಇರುತ್ತದೆ, ಅದನ್ನು ನೋಡಿಯೇ ಆರಿಸಿ. ಸುಮ್ನೆ ಮನೆ ಹತ್ತಿರ ಅಂತ ಹಾಕಬೇಡಿ.

ಬ್ರಾಂಚ್_ಆಫೀಸ್:
ಸಂಬಳದ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಜಿಡಿಎಸ್‌ನಲ್ಲಿ ಎಬಿಪಿಎಂಗೆ (ಸಹಾಯಕ ಬ್ರಾಂಚ್ ಪೋಸ್ಟ್‌ಮಾಸ್ಟರ್) ತಿಂಗಳಿಗೆ ಶುರುವಿನಲ್ಲಿ 10,000, ಬಿಪಿಎಂಗೆ (ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಸುವ ಬ್ರಾಂಚ್ ಪೋಸ್ಟ್‌ಮಾಸ್ಟರ್) 12,000, ಜೊತೆಗೆ ಡಿಎ (ತುಟ್ಟಿಭತ್ಯೆ). ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಅಂತ ಕಾಗದದಲ್ಲಿದೆ, ಆದರೆ ಪಿಂಚಣಿ ಹಣ, ಉಳಿತಾಯ ಖಾತೆ, ವಿಮೆ ಎಲ್ಲಾ ಸೇರಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬಿಪಿಎಂ ಆದರೆ ಆ ಊರಲ್ಲೇ ಇರಬೇಕು, ಆಫೀಸಿಗೆ ಜಾಗವನ್ನೂ ನಾವೇ ತೋರಿಸಬೇಕು. ಅದೇ ಪೋಸ್ಟ್‌ಮ್ಯಾನ್‌ಗೆ ಮೂಲ ವೇತನ 21,700ರಿಂದ ಶುರು. ಅಲ್ಲಿಯವರೆಗೆ ಮನೆಯವರ ಆಸರೆ ಬೇಕು, ಇದನ್ನು ತಮ್ಮನ ಜೊತೆ ಕೂತು ಮಾತಾಡಿ.

ಹಾವೇರಿ_ಅಕ್ಕ:
ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಹೊಲ ಇದೆ, ಸ್ವಲ್ಪ ವರ್ಷ ಹೇಗೋ ನಡೆಯುತ್ತದೆ. ಮುಂದೆ ಆ ಇಲಾಖೆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಬೀಟ್_ಸೈಕಲ್:
ಅಂಚೆ ನಿಯಮಗಳು, ಸಾಮಾನ್ಯ ಜ್ಞಾನ, ಲೆಕ್ಕ. ಕನ್ನಡದ್ದು ಬೇರೆ ಪೇಪರ್. ಆಮೇಲೆ ಕಂಪ್ಯೂಟರ್‌ನಲ್ಲಿ ಡೇಟಾ ಎಂಟ್ರಿ. ನಿಯಮ ಚೆನ್ನಾಗಿ ಗೊತ್ತಿದ್ದವರೂ ಟೈಪಿಂಗ್‌ನಲ್ಲಿ ಎಡವುವುದನ್ನು ನೋಡಿದ್ದೇನೆ, ಅದನ್ನು ಈಗಿನಿಂದಲೇ ಕಲಿಯಲಿ. ಹಳೇ ಗೈಡ್ ಮಾತ್ರ ಕೊಳ್ಳಬೇಡಿ. 1898ರ ಕಾಯ್ದೆ ಹೋಗಿ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ, ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹಳೇ ಪುಸ್ತಕದಲ್ಲಿ ಇದೊಂದೂ ಇರುವುದಿಲ್ಲ. ಬೈಕ್ ಲೈಸೆನ್ಸ್ ಕೂಡ ಮಾಡಿಸಿಬಿಡಿ.