ಪದಚರ್ಚೆ: ರೈತರಿಗೆ ಬರುವ ‘ಸಬ್ಸಿಡಿ’ ಹಣಕ್ಕೆ ಒಂದೇ ಪದ ಸಾಕೇ?

ಪ್ರಶ್ನೆ

ಮಾನ್ಯರೆ, ಚಳ್ಳಕೆರೆ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ರೈತರಿಗೆ ಸರ್ಕಾರದಿಂದ ಬರುವ ಹಣದ ವಿವರವನ್ನು ಬರೆಸಬೇಕಾಗಿದೆ. ನನ್ನ ಕೈಯಲ್ಲಿರುವ ಇಂಗ್ಲಿಷ್ ಪಟ್ಟಿಯಲ್ಲಿ ಪಿಎಂ ಕಿಸಾನ್ ಹಣ, ಬರಗಾಲದ ಇನ್‌ಪುಟ್ ಸಬ್ಸಿಡಿ, ಬಿತ್ತನೆ ಶೇಂಗಾದ ಸಬ್ಸಿಡಿ ಎಲ್ಲವೂ ‘ಸಬ್ಸಿಡಿ ಪೇಮೆಂಟ್’ ಎಂಬ ಒಂದೇ ತಲೆಬರಹದಡಿ ಇವೆ. ‘ಸಹಾಯಧನ ಪಾವತಿ’ ಎಂದರೆ ಸಾಕೇ? ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ದಯವಿಟ್ಟು ಇಂದೇ ತಿಳಿಸಿ.

ಮೊದಲ ಉತ್ತರ

‘ಸಹಾಯಧನ’ ಬೇಡ. ‘ನೆರವು’ ಇರುವಾಗ ಎರಡು ಸಂಸ್ಕೃತ ಪದಗಳನ್ನು ಜೋಡಿಸುವ ಅಗತ್ಯವೇ ಇಲ್ಲ. ಜನಸಮೂಹ ಎಂಬರ್ಥದ ಹಳಗನ್ನಡದ ‘ನೆರವಿ’ಯ ಬಳಗಕ್ಕೆ ಸೇರಿದ ಪದವದು, ಹತ್ತು ಜನ ಕೂಡಿ ಒಬ್ಬನಿಗೆ ಒದಗುವುದೆಂಬ ಭಾವ ಅದರಲ್ಲೇ ಇದೆ. ಮೂರಕ್ಕೂ ‘ನೆರವು’ ಎಂದು ಬರೆಸಿ. ‘ರಿಯಾಯಿತಿ’ಯಂಥ ಪರ್ಷಿಯನ್ ಪದವಂತೂ ಗೋಡೆ ಏರಬಾರದು.

ಎರಡನೆಯ ಉತ್ತರ

ಮೇಲಿನವರು ಪದದ ಕುಲವನ್ನು ನೋಡಿದ್ದಾರೆಯೇ ಹೊರತು ಹಣದ ದಾರಿಯನ್ನು ನೋಡಿಲ್ಲ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತಿನಲ್ಲಿ, ಬೆಳೆ ಬಂದರೂ ಬಾರದಿದ್ದರೂ ಖಾತೆಗೆ ಬೀಳುತ್ತದೆ. ಪಟ್ಟಿಯ ‘ಇನ್‌ಪುಟ್ ಸಬ್ಸಿಡಿ’, ಅಂದರೆ ಬರಗಾಲದ ಹಣ, ಬೆಳೆ ಕೆಟ್ಟಾಗ ಮಾತ್ರ ಬರುವಂಥದ್ದು. ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ 2 ಹೆಕ್ಟೇರಿಗೆ ಎಂಬುದು 2023ರ ಬರಕ್ಕೆ ಅನ್ವಯಿಸಿದ ಮಾನದಂಡ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ಹಣ ಬರುವ ಮುನ್ನ ರಾಜ್ಯ ಸರ್ಕಾರ ಮೊದಲ ಕಂತಾಗಿ 2,000 ರೂಪಾಯಿವರೆಗೆ ನೀಡಿತು. ಪಾಸ್‌ಬುಕ್ಕಿನಲ್ಲಿ ಅದೂ 2,000, ಇದೂ 2,000. ಎರಡಕ್ಕೂ ‘ಸಹಾಯಧನ’ ಎಂದೋ ‘ನೆರವು’ ಎಂದೋ ಬರೆದರೆ, ಬರದ ಹಣ ಬಾರದ ರೈತ ಕಿಸಾನ್ ಕಂತನ್ನೇ ಅದೆಂದು ತಿಳಿದು ಸುಮ್ಮನಾಗುತ್ತಾನೆ, ಇಲ್ಲವೇ ಕಂದಾಯ ಇಲಾಖೆಯಲ್ಲಿ ಕೇಳಬೇಕಾದುದನ್ನು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬರಿಗೈಯಲ್ಲಿ ಮರಳುತ್ತಾನೆ.

ಶೇಂಗಾ ಬೀಜದ ವಿಷಯವೇ ಬೇರೆ. ಅಲ್ಲಿ ರೈತನ ಕೈಗೆ ಹಣ ಬರುವುದೇ ಇಲ್ಲ. ಸರ್ಕಾರ ಭರಿಸುವ ಪಾಲನ್ನು ಕಳೆದು ಉಳಿದ ಬೆಲೆಯನ್ನು ಅವನೇ ಕೊಟ್ಟು ಚೀಲ ಹೊತ್ತು ತರುತ್ತಾನೆ. ಅದನ್ನು ‘ಪಾವತಿ’ ಎನ್ನುವುದು ತಪ್ಪು, ‘ರಿಯಾಯಿತಿ ದರ’ ಎನ್ನುವುದೇ ಸರಿ. ರಿಯಾಯಿತಿಯನ್ನು ಹೊರಗಿನದೆಂದು ತಳ್ಳುವವರು ‘ರೈತ’ ಎಂಬುದನ್ನೂ ತಳ್ಳಬೇಕಾಗುತ್ತದೆ: ಎರಡೂ ಕಾಯುವುದು, ಪೋಷಿಸುವುದು ಎಂಬರ್ಥದ ಒಂದೇ ಅರಬ್ಬಿ ಧಾತುವಿನಿಂದ ಪರ್ಷಿಯನ್ ಮೂಲಕ ಬಂದವು. ಹಳೆಯ ಕಂದಾಯ ಕಡತಗಳ ‘ತಕಾವಿ’ಯೂ ಅರಬ್ಬಿಯದೇ, ಆದರೆ ಅದು ತೀರಿಸಬೇಕಾದ ಸಾಲವನ್ನಷ್ಟೇ ಹೇಳುತ್ತಿತ್ತು. ಪದಕ್ಕೆ ಬೇಕಾದುದು ಆ ಖಚಿತತೆ.

ಮೊದಲ ಉತ್ತರದವರಿಂದ

‘ರೈತ’ ಬೇರೂರಿ ಶತಮಾನಗಳಾಗಿವೆ. ಹಳೆಯ ಎರವಲು ಹೊಸ ಎರವಲಿಗೆ ಒಪ್ಪಿಗೆಯಲ್ಲ. ‘ಬೆಳೆನಷ್ಟದ ನೆರವು’ ಎನ್ನಲು ಅಡ್ಡಿಯೇನು?

ಎರಡನೆಯ ಉತ್ತರದವರಿಂದ

ಅಡ್ಡಿ ಇದೆ. ನೆರವು ಕೊಡುವವರ ಮನಸ್ಸಿಗೆ ಬಿಟ್ಟದ್ದು; ಪರಿಹಾರ ನಷ್ಟಕ್ಕೆ ಸಲ್ಲಬೇಕಾದದ್ದು. ‘ಪರಿಹಾರ ಬಿತ್ತಾ?’ ಎಂದು ಊರಿನವರೇ ಕೇಳಿಕೊಳ್ಳುತ್ತಿರುವಾಗ ಆ ಹಕ್ಕಿನ ಪದವನ್ನು ಕಿತ್ತು ಉಪಕಾರದ ಪದವನ್ನು ಕೂರಿಸಲು ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರಿಗೆ: ತಲೆಬರಹವನ್ನು ‘ರೈತರಿಗೆ ಸರ್ಕಾರದ ಹಣ ಮತ್ತು ರಿಯಾಯಿತಿ’ ಎಂದು ಬರೆಸಿ. ಅದರ ಕೆಳಗೆ ‘ಪಿಎಂ ಕಿಸಾನ್ ಕಂತು: ಕೃಷಿ ಇಲಾಖೆ’, ‘ಬರದ ಬೆಳೆ ಪರಿಹಾರ: ಕಂದಾಯ ಇಲಾಖೆ’, ‘ರಿಯಾಯಿತಿ ದರದ ಬಿತ್ತನೆ ಬೀಜ: ರೈತ ಸಂಪರ್ಕ ಕೇಂದ್ರ’ ಎಂದಿರಲಿ. ಹನಿ ನೀರಾವರಿ, ಯಂತ್ರೋಪಕರಣಗಳನ್ನೂ ಸೇರಿಸುವಿರಾದರೆ ‘ಸಹಾಯಧನ’ವನ್ನು ಆ ಸಾಲಿಗೆ ಇಟ್ಟುಕೊಳ್ಳಿ, ಅಲ್ಲಿ ವೆಚ್ಚದಲ್ಲಿ ರೈತನ ಪಾಲೂ ಇರುವುದರಿಂದ ಆ ಪದ ಒಪ್ಪುತ್ತದೆ.